ನಕಲು ಮಾಡಿದವರೇ ಅಸಲು ಕಟ್ಟಿದರು

1977ರ ಹಾಲಿವುಡ್ ಚಿತ್ರ ‘ಸ್ಟಾರ್ ವಾರ್ಸ್’ನಲ್ಲಿ ಬರುವ ಆರ್‌ಟೂ-ಡಿಟೂ ಎಂಬ ಗಿಡ್ಡ ರೋಬೊ ನಿಜವಾದ ಯಂತ್ರವೇ? ಪೂರ್ತಿ ಅಲ್ಲ. ಹಲವು ದೃಶ್ಯಗಳಲ್ಲಿ ಅದರೊಳಗೆ ಕುಳಿತು ಅಲುಗಾಡಿಸುತ್ತಿದ್ದವರು ಕುಳ್ಳ ನಟ ಕೆನ್ನಿ ಬೇಕರ್. ದೂರದಿಂದ ನಡೆಸುವ ಯಂತ್ರವೂ ಇತ್ತು. ಟುನೀಸಿಯಾದ ಮರಳಿನಲ್ಲಿ ಅದು ಪದೇ ಪದೇ ಕೈಕೊಟ್ಟಿತು.

ಅದನ್ನು ಮನೆಯಲ್ಲೇ ಕಟ್ಟಲು ಹೊರಟವರು ಅಭಿಮಾನಿಗಳು. 1999ರಲ್ಲಿ ಸಂಘ ಕಟ್ಟಿಕೊಂಡು ಅಳತೆ, ನಕ್ಷೆಗಳನ್ನು ಪರಸ್ಪರ ಹಂಚಿಕೊಂಡರು. ಅಲ್ಯೂಮಿನಿಯಂ ಇಲ್ಲವೇ ಪ್ಲಾಸ್ಟಿಕ್ಕಿನ ಒಡಲು, ಕಾಲುಗಳಲ್ಲಿ ಮೋಟಾರು, ಒಳಗೆ ಬ್ಯಾಟರಿ, ಕೈಯಲ್ಲಿ ರಿಮೋಟು. ಒಂದನ್ನು ಮುಗಿಸಲು ವರ್ಷಗಳೇ ಹಿಡಿಯುವುದುಂಟು. ಮಕ್ಕಳ ಆಸ್ಪತ್ರೆಗಳಿಗೆ ಅದನ್ನು ಒಯ್ದು ರೋಗಿಗಳನ್ನು ನಗಿಸುವವರೂ ಇದ್ದಾರೆ.

2013ರಲ್ಲಿ ಜರ್ಮನಿಯ ಸಮಾವೇಶವೊಂದರಲ್ಲಿ ನಿರ್ಮಾಪಕಿ ಕ್ಯಾಥ್ಲೀನ್ ಕೆನಡಿ ಇವರ ಕೆಲಸ ಕಂಡರು. 2015ರಲ್ಲಿ ತೆರೆಕಂಡ ಸರಣಿಯ ಹೊಸ ಚಿತ್ರಕ್ಕೆ ಆರ್‌ಟೂ-ಡಿಟೂ ಕಟ್ಟಿಕೊಟ್ಟವರು ಸಂಘದ ಇಬ್ಬರು ಸದಸ್ಯರೇ!