ಹಿಮವಿಲ್ಲದ ಜಿಲ್ಲೆಯಿಂದ ಹಿಮದ ಓಟಕ್ಕೆ

ನಮ್ಮ ನಗರಗೆರೆ ಕಡೆ ಹಿಮ ಎಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುವ ಐಸು. ಡಿಸೆಂಬರ್‌ನಲ್ಲಿ ಬಸ್ಸಿನ ಗಾಜಿನ ಮೇಲೆ ಕೂರುವ ಮಂಜನ್ನೂ ಬೇಕಾದರೆ ಸೇರಿಸಿಕೊಳ್ಳಬಹುದು. ಅಂಥ ಊರಿನವಳು ಸ್ಕೀಯಿಂಗ್ ಬಗ್ಗೆ ಬರೆಯುತ್ತಿದ್ದೇನೆ ಎಂದಾಗ ಕ್ಲಾಸಿನಲ್ಲಿ ನಕ್ಕರು. ನಗಲಿ. ಪೂರ್ತಿ ಓದಿದ ಮೇಲೂ ನಗು ಬಂದರೆ ಬಂದು ಹೇಳಿ.

ಟಿವಿಯಲ್ಲಿ ನೋಡಿದ್ದು ನಾರ್ಡಿಕ್ ಕಂಬೈಂಡ್ ಎಂಬ ಆಟ. ಒಬ್ಬನೇ ಆಟಗಾರ ಒಂದೇ ದಿನ ಎರಡು ಕೆಲಸ ಮಾಡಬೇಕು. ಮೊದಲು ದೊಡ್ಡ ಇಳಿಜಾರಿನಿಂದ ಜಾರಿ ಬಂದು ಗಾಳಿಯಲ್ಲಿ ಹಾರಬೇಕು, ಆಮೇಲೆ ಕಾಲಿಗೆ ಸ್ಕೀ ಕಟ್ಟಿಕೊಂಡೇ ಹತ್ತು ಕಿಲೋಮೀಟರ್ ಓಡಬೇಕು. ಎರಡನ್ನೂ ಹೇಗೆ ಕೂಡಿಸುತ್ತಾರೆ ಎನ್ನುವುದು ಕಾಮರ್ಸ್‌ನವರಿಗೆ ಇಷ್ಟವಾಗುವ ಲೆಕ್ಕ. ಹಾರಾಟದಲ್ಲಿ ಬಂದ ಅಂಕಗಳನ್ನು ಸಮಯಕ್ಕೆ ಬದಲಾಯಿಸುತ್ತಾರೆ. ಸಾಮಾನ್ಯ ವೈಯಕ್ತಿಕ ಸ್ಪರ್ಧೆಯಲ್ಲಿ ಒಂದು ಅಂಕಕ್ಕೆ ನಾಲ್ಕು ಸೆಕೆಂಡ್. ಹಾರಾಟದಲ್ಲಿ ಮೊದಲು ಬಂದವನಿಗಿಂತ ನೀವು 15 ಅಂಕ ಹಿಂದಿದ್ದರೆ, ಅವನು ಓಟ ಶುರು ಮಾಡಿ ಒಂದು ನಿಮಿಷವಾದ ಮೇಲೆ ನಿಮ್ಮನ್ನು ಬಿಡುತ್ತಾರೆ. ಆಮೇಲೆ ಯಾರು ಮೊದಲು ಗೆರೆ ದಾಟುತ್ತಾರೋ ಅವರೇ ಗೆದ್ದಂತೆ. ಹಳೆ ಬಾಕಿ ತೀರಿಸಿಕೊಂಡೇ ಓಡಬೇಕು ಅಂದುಕೊಳ್ಳಿ.

1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಲ್ಲೇ ಈ ಆಟ ಇತ್ತು. ನಾರ್ವೆಯ ಥೋರ್ಲೈಫ್ ಹೌಗ್ ಗೆದ್ದರು. ಹೆಣ್ಣುಮಕ್ಕಳಿಗೆ ಮಾತ್ರ ಒಲಿಂಪಿಕ್ಸ್‌ನಲ್ಲಿ ಇದನ್ನು ಆಡಲು ಇನ್ನೂ ಅವಕಾಶ ಕೊಟ್ಟಿಲ್ಲ. ಅಮೆರಿಕದ ಅನ್ನಿಕಾ ಮಲಾಸಿನ್ಸ್ಕಿ ಮತ್ತು ಅವರ ತಮ್ಮ ನಿಕ್ಲಾಸ್ ಇಬ್ಬರೂ ನಾರ್ಡಿಕ್ ಕಂಬೈಂಡ್ ಆಟಗಾರರು. ಒಂದೇ ಮನೆ, ಒಂದೇ ಆಟ. ತಮ್ಮನಿಗೆ ಒಲಿಂಪಿಕ್ಸ್ ಬಾಗಿಲು ತೆರೆದಿದೆ, ಅಕ್ಕನಿಗೆ ಮುಚ್ಚಿದೆ. 2026ರ ಒಲಿಂಪಿಕ್ಸ್‌ಗೂ ಮಹಿಳೆಯರನ್ನು ಸೇರಿಸುವುದಿಲ್ಲ ಎಂದು ಒಲಿಂಪಿಕ್ ಸಮಿತಿ 2022ರಲ್ಲೇ ಹೇಳಿಬಿಟ್ಟಿತು. ಇದನ್ನು ಓದಿದ ದಿನ ನನಗೆ ನಿಜಕ್ಕೂ ಸಿಟ್ಟು ಬಂತು.

ಆದರೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆ ಬಾಗಿಲು 2021ರಲ್ಲಿ ತೆರೆಯಿತು. ಜರ್ಮನಿಯ ಓಬರ್ಸ್ಟ್‌ಡಾರ್ಫ್‌ನಲ್ಲಿ ಮೊದಲ ಬಾರಿ ಮಹಿಳೆಯರಿಗೆ ನಾರ್ಡಿಕ್ ಕಂಬೈಂಡ್ ಇಟ್ಟರು. ನಾರ್ವೆಯ ಗಿಡಾ ವೆಸ್ಟ್‌ವೋಲ್ಡ್ ಹಾನ್ಸೆನ್ ಚಿನ್ನ ಗೆದ್ದರು. ಅದೇ ಕೂಟದಲ್ಲಿ, ಆಟದ ಇನ್ನೊಂದು ಅರ್ಧವಾದ ಕ್ರಾಸ್ ಕಂಟ್ರಿ ಓಟದಲ್ಲಿ, ಭಾರತದ ಹೆಸರಿನಲ್ಲಿ ಓಡಿದವರು ನಮ್ಮ ಕೊಡಗಿನ ತೆಕ್ಕಡ ನಂಜುಂಡ ಭವಾನಿ. ನಾನು ಈ ಲೇಖನ ಬರೆಯಲು ಕಾರಣ ಅವರೇ.

ಕೊಡಗಿನಲ್ಲಿ ಮಳೆ ಉಂಟು, ಚಳಿ ಉಂಟು, ಕಾಫಿ ತೋಟ ಉಂಟು. ಹಿಮ ಬೀಳುವುದಿಲ್ಲ. ಭವಾನಿ ಹಿಮದ ಹತ್ತಿರ ಹೋಗಿದ್ದು ಎನ್‌ಸಿಸಿ ಮೂಲಕ. ಅಲ್ಲಿಂದ ಪರ್ವತಾರೋಹಣ, ಪರ್ವತಾರೋಹಣದಿಂದ ಸ್ಕೀಯಿಂಗ್. ನಾರ್ವೆಯ ಮಕ್ಕಳು ನಡೆಯಲು ಕಲಿಯುವ ವಯಸ್ಸಿಗೇ ಸ್ಕೀ ಕಟ್ಟುತ್ತಾರಂತೆ. ಇವರು ಕಟ್ಟಿದ್ದು ದೊಡ್ಡವರಾದ ಮೇಲೆ.

ಕ್ರಾಸ್ ಕಂಟ್ರಿ ಸ್ಕೀಯಿಂಗ್ ಎಂದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಬೆಟ್ಟದಿಂದ ಜಾರುವುದಲ್ಲ. ಏರು, ಇಳಿಜಾರು, ಸಮತಟ್ಟು ಮೂರೂ ಇರುತ್ತವೆ, ಏರನ್ನು ಸ್ವಂತ ಬಲದಿಂದಲೇ ಹತ್ತಬೇಕು. ಕೈಯಲ್ಲಿ ಎರಡು ಕೋಲು. ಕಾಲಿನ ಜೊತೆಗೆ ಭುಜ, ಬೆನ್ನು, ಹೊಟ್ಟೆ ಎಲ್ಲವೂ ದುಡಿಯಬೇಕಾದ್ದರಿಂದ ಉಸಿರು ಬಹಳ ಬೇಗ ಏರುತ್ತದೆ. ಎರಡು ಶೈಲಿಗಳಿವೆ. ಕ್ಲಾಸಿಕ್‌ನಲ್ಲಿ ಹಿಮದಲ್ಲಿ ಕೊರೆದ ಎರಡು ಗೆರೆಗಳೊಳಗೆ ನೇರವಾಗಿ ಸಾಗಬೇಕು. ಫ್ರೀಸ್ಟೈಲ್‌ನಲ್ಲಿ ಸ್ಕೇಟಿಂಗ್ ಮಾಡಿದ ಹಾಗೆ ಕಾಲನ್ನು ಪಕ್ಕಕ್ಕೆ ಒದೆಯುತ್ತಾ ಹೋಗಬಹುದು, ಇದು ವೇಗ ಹೆಚ್ಚು. ಸ್ಕೀಯ ತಳಕ್ಕೆ ಮೇಣ ಹಚ್ಚುವುದೇ ಒಂದು ವಿದ್ಯೆ. ಆ ದಿನದ ಹಿಮ ಎಷ್ಟು ತಣ್ಣಗಿದೆ, ಒದ್ದೆಯೋ ಒಣಗಿದ್ದೋ ಎಂದು ನೋಡಿ ಬೇರೆ ಬೇರೆ ಮೇಣ ಹಚ್ಚುತ್ತಾರೆ. ತಪ್ಪು ಮೇಣ ಹಚ್ಚಿದರೆ ಎಷ್ಟೇ ಶಕ್ತಿ ಇದ್ದರೂ ಸ್ಕೀ ಜಾರುವುದಿಲ್ಲ.

ಹಿಮ ಇಲ್ಲದಾಗ ಏನು ಮಾಡುತ್ತಾರೆ? ರೋಲರ್ ಸ್ಕೀ ಎಂಬುದಿದೆ. ಉದ್ದನೆಯ ಪಟ್ಟಿಗೆ ಎರಡು ತುದಿಯಲ್ಲಿ ಚಕ್ರ, ಕೈಯಲ್ಲಿ ಅದೇ ಕೋಲು. ಡಾಂಬರು ರಸ್ತೆಯಲ್ಲಿ ಓಡಬಹುದು. ನಮ್ಮೂರಿನಿಂದ ಗೌರಿಬಿದನೂರಿಗೆ ಬರುವ ರಸ್ತೆಯಲ್ಲಿ ಯಾರಾದರೂ ಹೀಗೆ ಓಡಿದರೆ ಬಸ್ಸಿನವರು ನಿಲ್ಲಿಸಿ ನೋಡುತ್ತಾರೆ, ಅದಂತೂ ಖಂಡಿತ.

ಭವಾನಿ ಗುಲ್ಮರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. ಗುಲ್ಮರ್ಗ್‌ನ ಹಿಮದಲ್ಲಿ ಕರ್ನಾಟಕದ ಹೆಸರು ಮೇಲೆ ಬಂದದ್ದು ನನಗೆ ಇವತ್ತಿಗೂ ತಮಾಷೆಯಾಗಿಯೂ ಹೆಮ್ಮೆಯಾಗಿಯೂ ಕಾಣುತ್ತದೆ. 2023ರಲ್ಲಿ ಸ್ಲೊವೇನಿಯಾದ ಪ್ಲಾನಿತ್ಸಾದಲ್ಲಿ ಮತ್ತೆ ವಿಶ್ವ ಚಾಂಪಿಯನ್‌ಶಿಪ್. 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿಯಲ್ಲಿ 5 ಕಿಲೋಮೀಟರ್ ಓಟದಲ್ಲಿ ಕಂಚು. ಈ ಆಟದಲ್ಲಿ ಭಾರತಕ್ಕೆ ಬಂದ ಮೊದಲ ಅಂತರರಾಷ್ಟ್ರೀಯ ಪದಕ ಎಂದು ಪತ್ರಿಕೆಗಳು ಬರೆದವು. ಚಿಲಿ ಯಾಕೆ ಎಂದರೆ, ನಮ್ಮ ಕಡೆ ಬೇಸಿಗೆ ಮುಗಿದು ಮಳೆ ಬರುವ ಹೊತ್ತಿಗೆ ಅಲ್ಲಿ ಚಳಿಗಾಲ. ಹಿಮ ಹುಡುಕಿಕೊಂಡು ಭೂಮಿಯ ಆ ಕಡೆಗೆ ಹೋಗಬೇಕು.

ಎಲ್ಲವೂ ಗೆಲುವಲ್ಲ. 2026ರ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಪಟ್ಟಿಯಲ್ಲಿ ಭವಾನಿ ಹೆಸರಿರಲಿಲ್ಲ. ಅಲ್ಲಿಗೆ ಹೋಗಲು ಫಿಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಅಂಕ ಬೇಕು. ಆ ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು, ನಮ್ಮ ಪರೀಕ್ಷೆಗೆ ಪೂರ್ತಿ ಉಲ್ಟಾ. ಗೆದ್ದವರಿಗಿಂತ ಎಷ್ಟು ತಡವಾಗಿ ಬಂದಿರೋ ಅಷ್ಟು ಅಂಕ ಏರುತ್ತದೆ. ಅದನ್ನು ಇಳಿಸಬೇಕೆಂದರೆ ಮತ್ತೆ ಮತ್ತೆ ಹೊರದೇಶಕ್ಕೆ ಹೋಗಿ ಓಡಬೇಕು. ವಿಮಾನ, ವೀಸಾ, ಸ್ಕೀ, ಮೇಣ, ಕೋಚು, ಊಟ. ಖರ್ಚಿನ ಕಾಲಂ ತುಂಬುತ್ತಲೇ ಇರುತ್ತದೆ, ಆದಾಯದ ಕಾಲಂನಲ್ಲಿ ಬರೆಯಲು ಹೆಚ್ಚೇನೂ ಇಲ್ಲ.

ಇದನ್ನೆಲ್ಲ ಒಂದು ರಾತ್ರಿ ಊಟವಾದ ಮೇಲೆ ಅಬ್ಬಾಗೆ ಹೇಳಿದೆ. ಸುಮ್ಮನೆ ಹೇಳಿದ್ದಲ್ಲ. ತಾಲ್ಲೂಕು ಮಟ್ಟದ ಪದವಿಪೂರ್ವ ಕಾಲೇಜುಗಳ ಕ್ರೀಡಾಕೂಟಕ್ಕೆ ಮೂರು ಸಾವಿರ ಮೀಟರ್ ಓಟಕ್ಕೆ ಹೆಸರು ಕೊಡಬೇಕಿತ್ತು, ಫಾರಂ ಮೇಲೆ ಅವರ ಸಹಿ ಬೇಕಿತ್ತು. ಅಬ್ಬಾ ಪೂರ್ತಿ ಕೇಳಿ, "ಇಸ್ಮೆ ಫಾಯ್ದಾ ಕ್ಯಾ ಹೈ ಬೇಟಾ?" ಅಂದರು. ಅಮ್ಮಿ ಮಾತಾಡಲಿಲ್ಲ, ತಟ್ಟೆ ಎತ್ತುತ್ತಿದ್ದರು.

ಅಬ್ಬಾ ಹುಣಸೆ ಮರ ಗುತ್ತಿಗೆ ಹಿಡಿಯುತ್ತಾರೆ. ಅದರ ಲೆಕ್ಕದ ಪುಸ್ತಕ ಬರೆಯುವವಳು ನಾನು. ಮರದಲ್ಲಿ ಹೂ, ಎಳೆಕಾಯಿ ನೋಡಿ ದುಡ್ಡು ಕೊಡುತ್ತಾರೆ, ಹಣ್ಣು ಉದುರಿಸುವುದು ಎಷ್ಟೋ ತಿಂಗಳಾದ ಮೇಲೆ. ಮಧ್ಯದಲ್ಲಿ ಗಾಳಿ ಬಂದರೂ ಅವರದೇ ನಷ್ಟ, ರೇಟು ಬಿದ್ದರೂ ಅವರದೇ. "ಅಬ್ಬಾ, ಹೋದ ವರ್ಷ ಎಳೆಕಾಯಿ ನೋಡಿ ದುಡ್ಡು ಕೊಟ್ಟಿರಲ್ಲ, ಆವತ್ತು ಫಾಯ್ದಾ ಎಷ್ಟು ಅಂತ ಗೊತ್ತಿತ್ತಾ?" ಎಂದು ಕೇಳಿದೆ. ಅಮ್ಮಿ ಅಡುಗೆಮನೆಯಿಂದಲೇ ನಕ್ಕಿದ್ದು ಕೇಳಿಸಿತು. ಅಬ್ಬಾ ನಗಲಿಲ್ಲ. ಫಾರಂ ತೆಗೆದುಕೊಂಡು ಹುಣಸೆ ಲೆಕ್ಕದ ಪುಸ್ತಕದೊಳಗೆ ಇಟ್ಟರು.

ಮೂರು ದಿನ ಅದು ಅಲ್ಲೇ ಇತ್ತು. ನಾಲ್ಕನೇ ದಿನ ಬೆಳಿಗ್ಗೆ ಬಸ್ಸಿಗೆ ಹೊರಟಾಗ ಕೈಗೆ ಕೊಟ್ಟರು. ಉರ್ದುವಿನಲ್ಲಿ ಸಹಿ ಹಾಕಿದ್ದರು. "ಓಡೋ ಶೂಗೆ ಎಷ್ಟಾಗುತ್ತೆ, ವಿಚಾರಿಸಿಕೊಂಡು ಬಾ" ಅಂದರು.