ಕೂಲಿಕಾರನೂ ದಿಲ್ಲಿಯ ಕಾರ್ಮಿಕ ಸಚಿವಾಲಯವೂ

ಸರ್ಕಾರವೆಂದೊಡನೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಕಂದಾಯ, ಆಮೇಲೆ ಪೋಲೀಸು, ಆಮೇಲೆ ನ್ಯಾಯಸ್ಥಾನ. ದುಡಿಯತಕ್ಕವನ ಕಾಯಿಲೆ, ಅವನ ಮುಪ್ಪು, ಅವನು ತೀರಿಕೊಂಡರೆ ಹಿಂದುಳಿಯುವ ಹೆಂಡಿರುಮಕ್ಕಳ ಗತಿ, ಇವುಗಳನ್ನು ವಿಚಾರಿಸುವುದಕ್ಕೂ ಸರ್ಕಾರದಲ್ಲಿ ಒಂದು ಶಾಖೆಯುಂಟೆಂಬುದು ಬಹುಮಂದಿಯ ಗಮನಕ್ಕೆ ಬಂದಿರುವುದಿಲ್ಲ. ಅದೇ ಕೇಂದ್ರ ಸರ್ಕಾರದ ಕಾರ್ಮಿಕ ಮತ್ತು ಉದ್ಯೋಗ ಸಚಿವಾಲಯ. ಮಂತ್ರಾಲಯವೆಂದು ಕರೆಯುವವರೂ ಉಂಟು. ಆದರೆ ಆ ಶಬ್ದ ಕಿವಿಗೆ ಬಿದ್ದರೆ ನಮ್ಮವರ ಮನಸ್ಸು ತುಂಗಭದ್ರೆಯ ದಡಕ್ಕೆ ಹೋಗಿಬಿಡುವುದರಿಂದ ನಾವು ಸಚಿವಾಲಯವೆಂತಲೇ ಹೇಳುವೆವು.

ಇದು ಮಾಡತಕ್ಕ ಕೆಲಸವೇನು, ಮಾಡಲಾಗದೆ ಉಳಿದಿರುವುದೇನು ಎಂಬುದನ್ನು ದಿಲ್ಲಿಯ ಕಡತಗಳಲ್ಲಿ ಹುಡುಕುವುದಕ್ಕಿಂತ ಬೆಂಗಳೂರಿಗೆ ಸಮೀಪದಲ್ಲೇ ಇರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಹುಡುಕುವುದು ಸುಲಭವೆಂದು ನಮಗೆ ತೋರುತ್ತದೆ. ಈ ತಾಲ್ಲೂಕುಗಳು 2007ರಲ್ಲಿ ರಾಮನಗರ ಜಿಲ್ಲೆಯಾದುವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಹೆಸರು ಯಾವುದಾದರೂ ಆಗಲಿ, ಅಲ್ಲಿಯ ದುಡಿಮೆ ಮಾತ್ರ ಹಳೆಯದು: ರೇಷ್ಮೆ, ಅರಗಿನ ಬೊಂಬೆ, ಕಲ್ಲು, ರಾಗಿ.

ಭಾರತ ಸರ್ಕಾರದಲ್ಲಿ ಕಾರ್ಮಿಕರಿಗೆಂದು ಬೇರೆ ಇಲಾಖೆ ಏರ್ಪಟ್ಟುದು 1937ರಲ್ಲಿ. 1942ರಿಂದ 1946ರವರೆಗೆ ಅದರ ಹೊಣೆಯನ್ನು ಹೊತ್ತಿದ್ದವರು ಡಾಕ್ಟರ್ ಅಂಬೇಡ್ಕರರು. ಅವರ ಕಾಲದಲ್ಲಿಯೇ, 1944ರಲ್ಲಿ, ಪ್ರೊಫೆಸರ್ ಅಡಾರ್ಕರರು ಕಾರ್ಖಾನೆಯ ಕೆಲಸಗಾರರ ಆರೋಗ್ಯ ವಿಮೆಯನ್ನು ಕುರಿತ ವರದಿಯನ್ನು ಒಪ್ಪಿಸಿದರು. ಅದರ ಫಲವಾಗಿ 1948ರ ರಾಜ್ಯ ವಿಮಾ ಕಾಯಿದೆ ಹುಟ್ಟಿತು. 1952ರಲ್ಲಿ ಭವಿಷ್ಯನಿಧಿಯ ಕಾಯಿದೆ ಅದರ ಜೊತೆಗೂಡಿತು. ನಮ್ಮವರ ಬಾಯಲ್ಲಿ ಇವುಗಳಿಗೆ ಇ.ಎಸ್.ಐ., ಪಿ.ಎಫ್. ಎಂದೇ ಹೆಸರು.

ಇ.ಎಸ್.ಐ.ಯ ಲೆಕ್ಕ ಬಹು ಸರಳವಾದುದು. 2019ರ ಜುಲೈನಿಂದ ನಡೆದುಬಂದ ದರದಂತೆ ನೂರು ರೂಪಾಯಿ ಸಂಬಳಕ್ಕೆ ಕೆಲಸಗಾರನು 75 ಪೈಸೆಯನ್ನೂ ಯಜಮಾನನು 3 ರೂಪಾಯಿ 25 ಪೈಸೆಯನ್ನೂ ಕೊಡತಕ್ಕದ್ದು. ಅದಕ್ಕೆ ಪ್ರತಿಯಾಗಿ ಕೆಲಸಗಾರನಿಗೂ ಅವನ ಮನೆಯವರಿಗೂ ಔಷಧೋಪಚಾರ. ಕಾಯಿಲೆಯಿಂದ ಮಲಗಿದರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯಲ್ಲಿ ನೂರಕ್ಕೆ 70ರಷ್ಟು ಹಣ. ಪಿ.ಎಫ್.ನಲ್ಲಿ ಇಬ್ಬರೂ ಸಾಮಾನ್ಯವಾಗಿ ನೂರಕ್ಕೆ 12ರಂತೆ ಕೂಡಿಡುವರು. ಯಜಮಾನನ ಪಾಲಿನಲ್ಲಿ ಒಂದು ಭಾಗ ಪಿಂಚಣಿಗೆ ಹೋಗುವುದು. ಇದು ಧರ್ಮವಲ್ಲ, ದಾನವಲ್ಲ. ಕಾಯಿದೆಯ ಬಲದಿಂದ ನಡೆಯುವ ಉಳಿತಾಯ.

ಆದರೆ ಈ ಏರ್ಪಾಡಿಗೆ ಒಂದು ಹೊಸ್ತಿಲುಂಟು. ಇ.ಎಸ್.ಐ.ಗೆ ಹತ್ತು ಮಂದಿ, ಪಿ.ಎಫ್.ಗೆ ಇಪ್ಪತ್ತು ಮಂದಿ ಕೆಲಸಗಾರರು ಒಂದು ಕಡೆ ಇರಬೇಕು. ಕಾಯಿದೆ ಬರೆದವರ ಕಣ್ಣ ಮುಂದೆ ಇದ್ದುದು ದೊಡ್ಡ ಗೇಟು, ಹಾಜರಿ ಪುಸ್ತಕ, ತಿಂಗಳ ಸಂಬಳಗಳುಳ್ಳ ಗಿರಣಿ. ರಾಮನಗರ ತಾಲ್ಲೂಕಿನ ಬಿಡದಿಯಲ್ಲಿ ಅಂಥ ಗೇಟುಗಳಿವೆ; ಟೊಯೋಟ ಕಿರ್ಲೋಸ್ಕರ್ ಸಂಸ್ಥೆಯ ಮೋಟಾರು ಕಾರ್ಖಾನೆ 1999ರಿಂದ ಅಲ್ಲಿ ನಡೆಯುತ್ತಿದೆ. ಅಂಥ ಕಡೆ ಸಚಿವಾಲಯದ ಯಂತ್ರ ತಾನಾಗಿ ತಿರುಗುವುದು. ಇಲ್ಲಿ ಒಂದು ಮಾತು ಹೇಳಬೇಕು. ಕಾರ್ಮಿಕ ವಿಷಯ ನಮ್ಮ ಸಂವಿಧಾನದಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಸೇರಿದ ಪಟ್ಟಿಯಲ್ಲಿದೆ. ಕಾಯಿದೆ ದಿಲ್ಲಿಯದಾದರೂ ಇಂಥ ಖಾಸಗಿ ಕಾರ್ಖಾನೆಯ ಜಗಳವನ್ನು ತೀರಿಸತಕ್ಕದ್ದು ರಾಜ್ಯದ ಕಾರ್ಮಿಕ ಇಲಾಖೆ. 2020ರ ನವೆಂಬರಿನಲ್ಲಿ ಆ ಕಾರ್ಖಾನೆಯಲ್ಲಿ ಮುಷ್ಕರವೂ ಲಾಕೌಟೂ ಉಂಟಾದಾಗ ಎರಡನ್ನೂ ನಿಷೇಧಿಸಿ ಆಜ್ಞೆ ಹೊರಡಿಸಿದ್ದು ದಿಲ್ಲಿಯಲ್ಲ, ಬೆಂಗಳೂರು.

ಬಿಡದಿಯಿಂದ ಮುಂದೆ ಹೋಗಿ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬಂದರೆ ಲೋಕವೇ ಬೇರೆ. ರೈತರು ಗೂಡನ್ನು ತರುವರು, ನೂಲು ಬಿಚ್ಚುವ ರೀಲರುಗಳು ಹರಾಜಿನಲ್ಲಿ ಕೊಳ್ಳುವರು. ಊರಿನ ಗಲ್ಲಿಗಳಲ್ಲಿ ಚರಕದ ಮನೆಗಳೂ ಕಾಟೇಜ್ ಬೇಸಿನ್ ಘಟಕಗಳೂ ಇವೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಮೆತ್ತಗಾದ ಮೇಲೆ ಎಳೆಯ ಕೊನೆಯನ್ನು ಬೆರಳಿನಿಂದಲೇ ಹುಡುಕಿ ತೆಗೆಯಬೇಕು. ದಿನವೆಲ್ಲ ಬಿಸಿನೀರಿನಲ್ಲಿ ಅದ್ದಿದ ಬೆರಳಿನ ಚರ್ಮ ಸುಲಿಯುವುದು, ಗಾಯವಾಗುವುದು. ಹಬೆಯೂ ಸತ್ತ ಹುಳುವಿನ ನಾತವೂ ಉಸಿರಿಗೆ ಸೇರುವುವು. ಈ ಕೆಲಸದಲ್ಲಿ ಹೆಂಗಸರು ಬಹಳ. ಇಂಥ ಮನೆಯಲ್ಲಿ ಆರು ಮಂದಿಯೋ ಎಂಟು ಮಂದಿಯೋ ಇದ್ದರೆ ಹತ್ತರ ಹೊಸ್ತಿಲು ದಾಟುವುದೇ ಇಲ್ಲ. ಮೈಸೂರು ಸೀರೆಯ ನಯವನ್ನು ಹೊಗಳುವ ನಾವು ಆ ಕೈಗೆ ಒಂದು ವಾರ ರಜೆ ಬೇಕಾದರೆ ಅದರ ಕೂಲಿಯನ್ನು ಯಾರು ಕೊಡುವರೆಂದು ಕೇಳುವುದಿಲ್ಲ. ರೀಲರನನ್ನು ಕೇಳೋಣವೆಂದರೆ ಅವನೂ ಅನೇಕ ವೇಳೆ ಸಾಲದ ಹಣದಿಂದ ಗೂಡು ಕೊಂಡವನು. ಅವನನ್ನು ಗಿರಣಿಯ ಮಾಲೀಕನ ಸಾಲಿನಲ್ಲಿ ಕೂರಿಸುವುದು ನ್ಯಾಯವಲ್ಲ.

ಕೂಲಿಕಾರರು ಪಡೆಯುವ ಮುಂಗಡವೆಂಬುದು ಇನ್ನೊಂದು ತೊಡಕು. ಸಾಲ ತೀರುವವರೆಗೆ ಅದೇ ಮನೆಯಲ್ಲಿ ದುಡಿಯಬೇಕೆಂಬ ಕಟ್ಟುಪಾಡಾದರೆ ಅದು ಜೀತ. ಜೀತವನ್ನು 1976ರ ಕಾಯಿದೆ ತೊಡೆದುಹಾಕಿತು. 1986ರ ಕಾಯಿದೆ ಅಪಾಯಕರವಾದ ಕೆಲಸಗಳಲ್ಲಿ ಮಕ್ಕಳನ್ನು ನೇಮಿಸುವುದನ್ನು ನಿಷೇಧಿಸಿತು. ಹೀಗಿದ್ದರೂ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆ ರೇಷ್ಮೆಯ ಕೆಲಸದಲ್ಲಿ ಮುಂಗಡಕ್ಕೆ ಕಟ್ಟುಬಿದ್ದ ಮಕ್ಕಳ ವಿಷಯವಾಗಿ ಪ್ರಕಟಿಸಿದ ವರದಿಯಲ್ಲಿ ರಾಮನಗರ, ಮಾಗಡಿಗಳ ಹೆಸರು ಬಂದಿತು. ನೂಲನ್ನು ಹುರಿ ಮಾಡುವ ಮಾಗಡಿಯ ಮನೆಗಳಲ್ಲಿ ಎಳೆ ಕಡಿದಾಗ ಗಂಟುಹಾಕುವುದಕ್ಕೆ ಚಿಕ್ಕ ಬೆರಳು ಅನುಕೂಲವೆಂಬ ಸಬೂಬು ಬಹುಕಾಲ ನಡೆಯಿತು. 2016ರ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳನ್ನು ಎಲ್ಲ ಉದ್ಯೋಗಗಳಿಂದಲೂ ದೂರವಿಟ್ಟಿತು. ಆದರೆ ಶಾಲೆಯ ವೇಳೆಯಲ್ಲದ ಹೊತ್ತಿನಲ್ಲಿ ಅಪಾಯವಿಲ್ಲದ ಮನೆಗೆಲಸದ ಉದ್ಯಮದಲ್ಲಿ ನೆರವಾಗಬಹುದೆಂದು ಒಂದು ಕಿಂಡಿಯನ್ನು ಬಿಟ್ಟಿತು. ಮನೆಯೇ ಕಾರ್ಖಾನೆಯಾಗಿರುವ ಊರಿನಲ್ಲಿ ಈ ಕಿಂಡಿ ನಮಗೆ ಹಿತವಾಗಿ ಕಾಣುವುದಿಲ್ಲ.

ಕನಕಪುರದ ಕಲ್ಲುಕೋರೆಗಳ ಸ್ಥಿತಿ ಇದಕ್ಕೆ ತಿರುಗುಮುರುಗು. ಕಲ್ಲುಕೋರೆಯೂ ಕಾಯಿದೆಯ ಕಣ್ಣಿಗೆ ಗಣಿಯೇ. ಗಣಿಯ ಸುರಕ್ಷತೆ ನೇರವಾಗಿ ದಿಲ್ಲಿಯ ಸಚಿವಾಲಯದ ಕೈಯಲ್ಲಿದೆ. 1902ರಲ್ಲಿ ಆರಂಭವಾಗಿ ಈಗ ಧನಬಾದಿನಲ್ಲಿ ಮುಖ್ಯ ಕಚೇರಿಯನ್ನುಳ್ಳ ಗಣಿ ಸುರಕ್ಷತಾ ನಿರ್ದೇಶನಾಲಯವೇ ಅದನ್ನು ನೋಡತಕ್ಕದ್ದು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನುಂಟುಮಾಡುವುದು. ಗಣಿಗಳಲ್ಲಿ ಅದು ಅಧಿಕಾರಿಗಳಿಗೆ ತಿಳಿಸಲೇಬೇಕಾದ ರೋಗ. ಆದರೆ ರೋಗ ತಲೆದೋರುವುದು ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಕಲ್ಲು ಕುಟ್ಟಿದವನು ಯಾವ ಕೋರೆಯಲ್ಲಿ ಎಷ್ಟು ದಿನವಿದ್ದನೆಂಬುದಕ್ಕೆ ಹಾಜರಿ ಪುಸ್ತಕವಿಲ್ಲದಿದ್ದರೆ ಪರಿಹಾರವನ್ನು ಯಾರಿಂದ ಕೇಳುವುದು?

ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಕುಶಲಿಗಳಿಗಂತೂ ಬಹುಮಟ್ಟಿಗೆ ಯಜಮಾನನೇ ಇಲ್ಲ; ಮನೆಯ ಲೇತಿಗೆ ತಾವೇ ಒಡೆಯರು, ತಾವೇ ಆಳು. ಅಂಥವರಿಗೆ ಪಾಲು ಕೊಡತಕ್ಕವರಾರು?

ಈ ಪ್ರಶ್ನೆಗೆ ಸಚಿವಾಲಯ ಕಂಡುಕೊಂಡ ಉತ್ತರವೆಂದರೆ ಕೆಲಸಗಾರನನ್ನು ಯಜಮಾನನ ಮೂಲಕ ಅಲ್ಲದೆ ಅವನ ಸ್ವಂತ ಹೆಸರಿನಿಂದಲೇ ಗುರುತಿಸುವುದು. 2021ರ ಆಗಸ್ಟಿನಲ್ಲಿ ಇ-ಶ್ರಮ್ ಎಂಬ ದಾಖಲೆ ಆರಂಭವಾಯಿತು. ಅಸಂಘಟಿತ ಕೆಲಸಗಾರರಿಗೆ 12 ಅಂಕಿಗಳ ಸಂಖ್ಯೆ ಸಿಗುವುದು. ದೇಶದಲ್ಲಿ 30 ಕೋಟಿಗೂ ಮೀರಿದ ಜನ ಅದರಲ್ಲಿ ಹೆಸರು ಬರೆಯಿಸಿದ್ದಾರೆ. ಅಲ್ಲದೆ 29 ಹಳೆಯ ಕಾಯಿದೆಗಳನ್ನು ನಾಲ್ಕು ಸಂಹಿತೆಗಳಾಗಿ ಅಡಕಮಾಡಿ 2025ರ ನವೆಂಬರ್ 21ರಿಂದ ಜಾರಿಗೆ ತಂದರು. ಅವುಗಳಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಹತ್ತು, ಇಪ್ಪತ್ತರ ಹೊಸ್ತಿಲುಗಳನ್ನು ಹಾಗೆಯೇ ಉಳಿಸಿಕೊಂಡಿದ್ದರೂ, ಅಪಾಯಕರವೆಂದು ಸರ್ಕಾರ ಹೆಸರಿಸಿದ ಉದ್ಯೋಗದಲ್ಲಿ ಒಬ್ಬನೇ ಕೆಲಸಗಾರನಿದ್ದರೂ ಇ.ಎಸ್.ಐ. ಅನ್ವಯಿಸಬಹುದೆನ್ನುತ್ತದೆ. ಕೋರೆಗೂ ಬಿಚ್ಚಾಣಿಕೆಗೂ ಈ ಒಂದು ವಾಕ್ಯ ಬಹು ಬೆಲೆಯುಳ್ಳದ್ದು.

ಅಸಂಘಟಿತರ ವಿಷಯದಲ್ಲಿ ಸಂಹಿತೆ ಹೊಣೆಯನ್ನು ಹಂಚಿದೆ. ಜೀವವಿಮೆ, ಆರೋಗ್ಯ, ಹೆರಿಗೆ, ಮುಪ್ಪು ಇವು ಕೇಂದ್ರಕ್ಕೆ. ಭವಿಷ್ಯನಿಧಿ, ಕೆಲಸದಲ್ಲಾದ ಗಾಯ, ವಸತಿ, ಮಕ್ಕಳ ಓದು ಇವು ರಾಜ್ಯಕ್ಕೆ. ಬೆರಳು ಸುಟ್ಟರೆ ಬೆಂಗಳೂರಿನ ಬಾಗಿಲು, ಕೂದಲು ನರೆತರೆ ದಿಲ್ಲಿಯ ಬಾಗಿಲು. ಮುಪ್ಪಿಗೆಂದು 2019ರಲ್ಲಿ ಬಂದ ಶ್ರಮಯೋಗಿ ಮಾನ್‌ಧನ್ ಯೋಜನೆಯಲ್ಲಿ 29ನೆಯ ವಯಸ್ಸಿನಲ್ಲಿ ಸೇರಿದವರು ತಿಂಗಳಿಗೆ 100 ರೂಪಾಯಿ ಕಟ್ಟಿದರೆ ಸರ್ಕಾರವೂ ಅಷ್ಟೇ ಸೇರಿಸಿ, 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಕೊಡುವುದು. ಸೇರುವುದಕ್ಕೆ ವಯಸ್ಸು 18ರಿಂದ 40. ಇಪ್ಪತ್ತೈದು ವರ್ಷ ನೂಲು ಬಿಚ್ಚಿ 45ಕ್ಕೆ ಬಂದಿರುವ ರಾಮನಗರದ ಹೆಂಗಸಿಗೆ ಅದರಲ್ಲಿ ಸ್ಥಳವಿಲ್ಲ.