ಗೇರ್‌ಬಾಕ್ಸಿನ ಬಿಸಿಗೊಂದು ಹೊರದಾರಿ

ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ವೇಗವಾಗಿ ಓಡಿದರೂ ಹದವಾದ ಬಿಸಿಯಲ್ಲೇ ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಅದೇ ವಾಹನವು ಮರಳುದಿಬ್ಬವನ್ನೋ ಬಂಡೆಗಳ ಏರನ್ನೋ ಕಾಲ್ನಡಿಗೆಯ ವೇಗದಲ್ಲಿ ಹತ್ತತೊಡಗಿದರೆ ಸ್ವಲ್ಪ ಹೊತ್ತಿನಲ್ಲೇ ವಿಪರೀತ ಕಾಯಬಲ್ಲದು. ಬಿಸಿ ಹೆಚ್ಚು ಹುಟ್ಟುವ ಹೊತ್ತಿನಲ್ಲೇ ಅದನ್ನು ಹೊತ್ತೊಯ್ಯುವ ಗಾಳಿ ಕಡಿಮೆಯಾಗಿರುತ್ತದೆ ಎಂಬುದೇ ಇಲ್ಲಿನ ತೊಡಕು. ಆಫ್‌ರೋಡ್ ವಾಹನಗಳಿಗೆ ಟ್ರಾನ್ಸ್‌ಮಿಷನ್ ಕೂಲರ್, ಅಂದರೆ ಗೇರ್‌ಬಾಕ್ಸಿನ ಎಣ್ಣೆಯನ್ನು ತಣಿಸುವ ಪುಟ್ಟ ರೇಡಿಯೇಟರ್ ಒಂದನ್ನು ಹೊರಗಿನಿಂದ ತಂದು ಜೋಡಿಸುವ ರೂಢಿಗೆ ಇದೇ ಕಾರಣ. ಆ ಕೂಲರಿನ ಆಯ್ಕೆ ಮತ್ತು ಜೋಡಣೆಯ ಪ್ರಶ್ನೆಗಳಲ್ಲಿ ಹೆಚ್ಚಿನವು ಹುಟ್ಟುವುದೂ ಇದರಿಂದಲೇ.

ಮ್ಯಾನ್ಯುವಲ್ ವಾಹನದಲ್ಲಿ ಕ್ಲಚ್ ಇರುವ ಜಾಗದಲ್ಲಿ ಸಾಂಪ್ರದಾಯಿಕ ಆಟೊಮ್ಯಾಟಿಕ್ ವಾಹನಕ್ಕೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಎಣ್ಣೆ ತುಂಬಿದ ಈ ದುಂಡನೆಯ ಕವಚದೊಳಗೆ ಎಂಜಿನ್ನಿನೊಡನೆ ತಿರುಗುವ ಒಂದು ರೆಕ್ಕೆಚಕ್ರವು ಎಣ್ಣೆಯನ್ನು ಎದುರಿನ ಇನ್ನೊಂದು ರೆಕ್ಕೆಚಕ್ರದ ಮೇಲೆ ರಭಸದಿಂದ ಚಿಮ್ಮಿಸುತ್ತದೆ. ಆ ಹೊಡೆತಕ್ಕೆ ಎರಡನೆಯದು ತಿರುಗಿ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುತ್ತದೆ. ಇವೆರಡರ ವೇಗದ ನಡುವಿನ ವ್ಯತ್ಯಾಸಕ್ಕೆ ಸ್ಲಿಪ್ ಎಂದು ಹೆಸರು. ಹೆದ್ದಾರಿಯ ವೇಗದಲ್ಲಿ ಲಾಕ್‌ಅಪ್ ಕ್ಲಚ್ ಎಂಬ ಬಿಲ್ಲೆ ಎರಡನ್ನೂ ಒಟ್ಟಿಗೆ ಹಿಡಿದು ತಿರುಗಿಸುವುದರಿಂದ ಸ್ಲಿಪ್ ಬಹುಮಟ್ಟಿಗೆ ಇಲ್ಲವಾಗುತ್ತದೆ. ಆದರೆ ಆಕ್ಸಿಲರೇಟರ್ ಒತ್ತಿಯೇ ಇದ್ದರೂ ಗಾಲಿಗಳು ಉರುಳಲು ತಿಣುಕುವ ಏರಿನಲ್ಲಿ ಎಂಜಿನ್ನಿನ ಶಕ್ತಿಯ ದೊಡ್ಡ ಪಾಲು ಎಣ್ಣೆಯನ್ನು ಕಲಕುವುದರಲ್ಲೇ ಕಳೆದು ಬಿಸಿಯಾಗಿ ಮಾರ್ಪಡುತ್ತದೆ.

ಆ ಬಿಸಿಯನ್ನು ತಾಳಬೇಕಾದ ಎಣ್ಣೆ ಬರಿಯ ಲೂಬ್ರಿಕೆಂಟ್ ಅಲ್ಲ. ಗೇರ್‌ಬಾಕ್ಸಿನೊಳಗೆ ಗೇರ್ ಬದಲಿಸುವ ಕ್ಲಚ್‌ಗಳನ್ನು ಒತ್ತಿಹಿಡಿಯುವ ಒತ್ತಡವೂ ಅದರ ಮೂಲಕವೇ ಹರಿಯುತ್ತದೆ, ಬಿಸಿಯನ್ನು ಹೊರಕ್ಕೆ ಸಾಗಿಸುವುದೂ ಅದೇ. ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಒಗ್ಗಿದ ಉಷ್ಣತೆ. ಸುಮಾರು 115 ಡಿಗ್ರಿ ದಾಟಿದ ಮೇಲೆ ಎಣ್ಣೆ ಒಡೆದು, ವಾರ್ನಿಶ್‌ನಂತಹ ಅಂಟುಪದರವಾಗಿ ಕವಾಟಗಳಿಗೆ ಮೆತ್ತಿಕೊಳ್ಳತೊಡಗುತ್ತದೆ. ಇನ್ನೂ ಮೇಲೇರಿದರೆ ರಬ್ಬರ್ ಸೀಲ್‌ಗಳು ಗಡುಸಾಗಿ, ಒತ್ತಡ ಸೋರಿ, ಕ್ಲಚ್ ಬಿಲ್ಲೆಗಳು ಜಾರಿ ಸುಡುತ್ತವೆ. ಉಷ್ಣತೆ ಸುಮಾರು 11 ಡಿಗ್ರಿ ಏರಿದಂತೆಲ್ಲ ಎಣ್ಣೆಯ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನವರು ಬಳಸುವ ಅಂದಾಜು ಲೆಕ್ಕ.

ಹಲವು ವಾಹನಗಳಲ್ಲಿ ಕಂಪನಿಯೇ ಕೊಟ್ಟಿರುವ ಕೂಲರ್, ಎಂಜಿನ್ ರೇಡಿಯೇಟರಿನ ಒಂದು ಪಕ್ಕದ ತೊಟ್ಟಿಯೊಳಗೆ ಮುಳುಗಿರುವ ಕೊಳವೆಯಾಗಿರುತ್ತದೆ. ಚಳಿಯಲ್ಲಿ ಎಣ್ಣೆಯನ್ನು ಬೇಗ ಹದಕ್ಕೆ ತರುವ ಅನುಕೂಲ ಇದಕ್ಕಿದ್ದರೂ, ಸುತ್ತಲಿನ ಕೂಲೆಂಟ್, ಅಂದರೆ ಎಂಜಿನ್ನನ್ನು ತಣಿಸುವ ದ್ರವ, ಎಷ್ಟು ಬಿಸಿಯಿದೆಯೋ ಅದಕ್ಕಿಂತ ಕೆಳಗೆ ಎಣ್ಣೆಯನ್ನು ಇಳಿಸಲು ಇದರಿಂದಾಗದು. ಅಮೆರಿಕದಲ್ಲಿ 2007ರಿಂದ 2011ರವರೆಗೆ ನಾಲ್ಕು ಗೇರಿನ ಆಟೊಮ್ಯಾಟಿಕ್‌ನೊಂದಿಗೆ ಬಂದ ಜೆಕೆ ಪೀಳಿಗೆಯ ಜೀಪ್ ರ್‍ಯಾಂಗ್ಲರ್ ಕಂಪನಿ ಕೊಟ್ಟ ಕೂಲರ್ ಸಾಲದೆ ಹೋಗುವುದಕ್ಕೆ ಹೆಸರಾದ ನಿದರ್ಶನವಾಗಿದ್ದು, ಮರಳಿನಲ್ಲಿ ಬಹಳ ಹೊತ್ತು ಹೆಣಗಾಡಿದಾಗ ಓಡಿದ ದೂರದ ಅಂಕಿಗಳಿರುವ ಜಾಗದಲ್ಲೇ ‘ಹಾಟ್ ಆಯಿಲ್’ ಎಂಬ ಎಚ್ಚರಿಕೆ ಮೂಡುವುದನ್ನು ಅದರ ಮಾಲೀಕರು ಬಲ್ಲರು. ತೊಟ್ಟಿಯೊಳಗಿನ ಕೊಳವೆಯೇ ಸೀಳಿದರೆ ಆಗುವ ಹಾನಿ ಬೇರೆಯೇ: ಕೂಲೆಂಟ್ ಎಣ್ಣೆಯೊಂದಿಗೆ ಬೆರೆತು ರೋಸ್ ಮಿಲ್ಕ್‌ನಂತಹ ಗುಲಾಬಿ ದ್ರವವಾಗಿ ಗೇರ್‌ಬಾಕ್ಸನ್ನೇ ಕೆಡಿಸುತ್ತದೆ. 2005ರಿಂದ 2010ರವರೆಗಿನ ನಿಸ್ಸಾನ್ ಪಾತ್‌ಫೈಂಡರ್, ಎಕ್ಸ್‌ಟೆರಾ ಮತ್ತು ಫ್ರಾಂಟಿಯರ್ ವಾಹನಗಳಲ್ಲಿ ಕಂಡ ಈ ದೋಷ ಅಮೆರಿಕದ ನ್ಯಾಯಾಲಯದವರೆಗೂ ಹೋಗಿತ್ತು.

ಮಾರುಕಟ್ಟೆಯಲ್ಲಿ ದೊರೆಯುವ ಕೂಲರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಹಾವಿನಂತೆ ಬಳುಕಿದ ಕೊಳವೆಗೆ ತೆಳು ಹಾಳೆಗಳನ್ನು ಪೋಣಿಸಿದ ಟ್ಯೂಬ್ ಅಂಡ್ ಫಿನ್ ಅಗ್ಗವಾದರೂ ಅದರ ತಣಿಸುವ ಸಾಮರ್ಥ್ಯ ಕಡಿಮೆ. ಚಪ್ಪಟೆ ನಾಳಗಳ ಪ್ಲೇಟ್ ಅಂಡ್ ಫಿನ್ ಅದಕ್ಕಿಂತ ಮೇಲು. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಟ್ಯಾಕ್ಡ್ ಪ್ಲೇಟ್ ಕಡಿಮೆ ಜಾಗದಲ್ಲಿ ಹೆಚ್ಚು ಬಿಸಿಯನ್ನು ಹೊರಹಾಕುತ್ತದೆ. ಆದರೆ ಯಾವ ಕೂಲರೂ ಬಿಸಿಯನ್ನು ಇಲ್ಲವಾಗಿಸದೆ ಗಾಳಿಗೆ ಒಪ್ಪಿಸುವುದಷ್ಟೇ ಆದ್ದರಿಂದ, ಗಾಳಿಯಾಡದ ಮೂಲೆಯಲ್ಲಿಟ್ಟ ದೊಡ್ಡ ಕೂಲರಿಗಿಂತ ಗಾಳಿಯ ಹಾದಿಯಲ್ಲಿಟ್ಟ ಚಿಕ್ಕದೇ ಹೆಚ್ಚು ಉಪಕಾರಿ. ರೇಡಿಯೇಟರಿನ ಮುಂದೆ ಜೋಡಿಸಿದರೆ ವಾಹನ ನಿಂತಾಗಲೂ ಎಂಜಿನ್ ಫ್ಯಾನ್ ಅದರ ಮೂಲಕ ಗಾಳಿಯೆಳೆಯುತ್ತದೆ, ಆದರೆ ಹಿಂದಿರುವ ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ಬಿಸಿಗಾಳಿಯೇ ಸಿಗುತ್ತದೆ. ಬೇರೆಡೆ ಇಡುವುದಾದರೆ ನಿಗದಿತ ಉಷ್ಣತೆಯಲ್ಲಿ ತಾನೇ ಚಾಲೂ ಆಗುವ ವಿದ್ಯುತ್ ಫ್ಯಾನ್ ಬೇಕು, ಕೆಸರು ಮೆತ್ತದ, ಕಲ್ಲು ತಾಗದ ಎತ್ತರವೂ ಬೇಕು.

ಜೋಡಣೆಯಲ್ಲಿ ಕ್ರಮಕ್ಕೆ ಮಹತ್ವವಿದೆ. ಎಣ್ಣೆ ಮೊದಲು ರೇಡಿಯೇಟರಿನ ತೊಟ್ಟಿಯನ್ನು ಹಾದು, ಬಳಿಕ ಹೊಸ ಕೂಲರನ್ನು ಹೊಕ್ಕು ಗೇರ್‌ಬಾಕ್ಸಿಗೆ ಮರಳುವಂತೆ ಮಾಡುವುದು ವಾಡಿಕೆ. ಹಾಗಾದಾಗ ಹೊಸ ಕೂಲರಿನಲ್ಲಿ ತಣಿದ ಎಣ್ಣೆ ಕೂಲೆಂಟಿನ ಬಿಸಿಯನ್ನು ಮತ್ತೆ ಹೀರದು. ಮರಳುವ ಪೈಪ್ ಯಾವುದೆಂಬುದನ್ನು ಊಹಿಸದೆ ಆ ವಾಹನದ ಸರ್ವಿಸ್ ಕೈಪಿಡಿಯಿಂದಲೇ ಖಚಿತಪಡಿಸಿಕೊಳ್ಳಬೇಕು. ಹೋಸ್ ಬಿಸಿಯಾದ ಗೇರ್‌ಬಾಕ್ಸ್ ಎಣ್ಣೆಗೆಂದೇ ತಯಾರಾದದ್ದಾಗಿರಬೇಕೇ ಹೊರತು ಕೂಲೆಂಟ್ ಹೋಸ್ ನಡೆಯದು. ಅದು ಸೈಲೆನ್ಸರ್ ಪೈಪಿನ ಬಳಿ ಸುಳಿಯದಂತೆ, ಚೂಪು ಅಂಚಿಗೆ ಉಜ್ಜದಂತೆ ಕಟ್ಟುವುದೂ ಅಷ್ಟೇ ಮುಖ್ಯ. ಕೂಲರ್ ಹಾಗೂ ಪೈಪುಗಳು ಹೀರಿಕೊಂಡಷ್ಟು ಎಣ್ಣೆಯನ್ನು ತಯಾರಕರು ಸೂಚಿಸಿದ ದರ್ಜೆಯದ್ದನ್ನೇ ತುಂಬಿ, ಅವರು ಹೇಳಿದ ಉಷ್ಣತೆಯಲ್ಲಿ ಮಟ್ಟ ನೋಡಬೇಕು. ತೀರಾ ಚಳಿಯ ಪ್ರದೇಶಗಳಲ್ಲಿ ಎಣ್ಣೆ ಅತಿಯಾಗಿ ತಣ್ಣಗಾಗುವುದೂ ತೊಂದರೆಯೇ ಆದ್ದರಿಂದ, ಎಣ್ಣೆ ಕಾಯುವವರೆಗೆ ಅದನ್ನು ಕೂಲರಿನ ಪಕ್ಕದಿಂದಲೇ ಮರಳಿಸುವ ಥರ್ಮೋಸ್ಟಾಟ್ ಕವಾಟವನ್ನೂ ಸೇರಿಸುತ್ತಾರೆ.

ಕೂಲರ್ ಇದೆಯೆಂದು ಚಾಲನೆಯ ಕ್ರಮವನ್ನು ಮರೆಯುವಂತಿಲ್ಲ. ಫೋರ್ ಲೋ, ಅಂದರೆ ನಾಲ್ಕೂ ಗಾಲಿಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಕೆಳಗೇರಿನಲ್ಲಿ ಗಾಲಿಗಳಿಗೆ ತಲುಪುವ ತಿರುಗುಬಲ ಹೆಚ್ಚುವುದರಿಂದ ಕನ್ವರ್ಟರಿನ ಸ್ಲಿಪ್ ಇಳಿದು, ಬಿಸಿ ಹುಟ್ಟುವುದೇ ಕಡಿಮೆಯಾಗುತ್ತದೆ. ಎಣ್ಣೆ ಕಾದದ್ದು ತಿಳಿದರೆ ಸುರಕ್ಷಿತ ಜಾಗದಲ್ಲಿ ನಿಂತು, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆರಿಸದೆ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಗೇರ್‌ಬಾಕ್ಸಿನ ಪಂಪು ಎಣ್ಣೆಯನ್ನು ಕೂಲರಿನ ಮೂಲಕ ಸುತ್ತಿಸುತ್ತಲೇ ಇರುತ್ತದೆ.

2020ರ ಮಹೀಂದ್ರ ಥಾರ್ ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್‌ನೊಂದಿಗೆ ಬಂದ ಮೇಲೆ ಈ ವಿಷಯ ಕರ್ನಾಟಕದ ಆಫ್‌ರೋಡ್ ಆಸಕ್ತರಿಗೂ ಹತ್ತಿರದ್ದಾಗಿದೆ. ವಾರಂಟಿ ಇರುವ ವಾಹನದ ಪೈಪು ಕತ್ತರಿಸುವ ಮುನ್ನ ಕಂಪನಿ ಕೊಟ್ಟ ವ್ಯವಸ್ಥೆ ಎಂಥದ್ದೆಂದು ತಿಳಿಯುವುದೂ, ಎಣ್ಣೆಯ ಉಷ್ಣತೆಯನ್ನು ತೋರಿಸುವ ಮಾಪಕವೊಂದನ್ನು ಹಾಕಿಸಿ ತಮ್ಮ ದಾರಿಗಳಲ್ಲಿ ಅದು ಎಷ್ಟು ಏರುತ್ತದೆಂದು ಗಮನಿಸುವುದೂ ವಿವೇಕದ ಕ್ರಮ. ಫೋರ್ ಲೋ ಬಳಸಿಯೂ ಮುಳ್ಳು ಮತ್ತೆ ಮತ್ತೆ 115 ಡಿಗ್ರಿಯ ಆಸುಪಾಸಿಗೆ ಹೋಗುತ್ತಿದ್ದರೆ ಕೂಲರಿಗೆ ಮಾಡುವ ಖರ್ಚು ಸಾರ್ಥಕ. ಹೋಗದಿದ್ದರೆ ಹೊಸ ಪೈಪು, ಹೊಸ ಕ್ಲಿಪ್ಪುಗಳೆಂದು ಸೋರಿಕೆಗೆ ಹೊಸ ಜಾಗಗಳನ್ನು ಮಾಡಿಕೊಟ್ಟಂತಾಗುತ್ತದೆ.